ಸ್ವಂತ ಪತ್ರಿಕೆಯ ಜಮಾ–ಖರ್ಚು

— ಅಂತಿಮ ಬಿ. ಎ. ವಿದ್ಯಾರ್ಥಿನಿ, ಅಮಾಸೆಬೈಲು

ಮಾತನಾಡಬೇಕೆಂಬ ಹಂಬಲ ಮನುಷ್ಯನಿಗೆ ಹುಟ್ಟಿನೊಡನೆ ಬಂದುದು. ಆಡಿದ ಮಾತು ಗಾಳಿಗೆ ಹೋಗದೆ ನಿಲ್ಲಬೇಕೆಂಬ ಹಂಬಲ ಅಕ್ಷರದೊಡನೆ ಬಂದುದು. ಬರೆದುದನ್ನು ಪೆಟ್ಟಿಗೆಯೊಳಗೆ ಇಟ್ಟುಕೊಂಡರೆ ಅದು ದಿನಚರಿ. ಸಂಪಾದಕರ ಕೈಸೇರಿ, ಅವರ ಒಪ್ಪಿಗೆ ಪಡೆದು ಅಚ್ಚಾದರೆ ಅದು ಲೇಖನ. ಇವೆರಡರ ನಡುವೆ ಮೂರನೆಯದೊಂದು ಉಂಟು: ತನಗೆ ತೋಚಿದ್ದನ್ನು ತಾನೇ ಬರೆದು, ತಾನೇ ತಿದ್ದಿ, ತನ್ನ ಖರ್ಚಿನಲ್ಲಿ ನಾಲ್ಕು ಜನರ ಮುಂದೆ ಇಡುವುದು. ಇದಕ್ಕೆ ಸ್ವಂತ ಪತ್ರಿಕೆಯೆಂದು ಹೆಸರಿಟ್ಟುಕೊಳ್ಳೋಣ. ಇದರಿಂದ ಲಾಭವೇನು, ನಷ್ಟವೇನು ಎಂಬುದನ್ನು ನನ್ನ ಅಲ್ಪಮತಿಗೆ ತೋರಿದಷ್ಟು ವಿಚಾರ ಮಾಡುವುದು ಈ ಲೇಖನದ ಉದ್ದೇಶ.

ಈ ವಿಚಾರ ನನಗೆ ಕೇವಲ ಚರ್ಚೆಯ ವಸ್ತುವಲ್ಲ. ಎರಡು ವರ್ಷಗಳಿಂದ ನಾನು ನಮ್ಮೂರಿನಲ್ಲಿ ನಾಲ್ಕು ಪುಟಗಳ ಕೈಬರಹದ ಮಾಸಿಕವೊಂದನ್ನು ನಡೆಸುತ್ತಿದ್ದೇನೆ. ಬರೆಯುವವಳೂ ನಾನೇ, ಹಂಚುವವಳೂ ನಾನೇ. ಈ ವರ್ಷ ಪದವಿ ಮುಗಿಯುತ್ತದೆ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲಿಗಳು. ಹಾಗಾಗಿ ನನ್ನ ಒಂದೊಂದು ಗಂಟೆಯ ಮೇಲೂ ಮನೆಯವರೆಲ್ಲರ ಆಸೆ ಕುಳಿತಿದೆ. ಪತ್ರಿಕೆಯನ್ನು ಮುಂದುವರಿಸಬೇಕೆ, ಇಲ್ಲಿಗೇ ನಿಲ್ಲಿಸಬೇಕೆ ಎಂಬುದನ್ನು ಪರೀಕ್ಷೆಗೆ ಮೊದಲೇ ತೀರ್ಮಾನಿಸಬೇಕಾಗಿದೆ.

ಈ ದಾರಿಯಲ್ಲಿ ನಡೆದ ಹಿರಿಯರು ಕನ್ನಡದಲ್ಲಿ ಹಲವರಿದ್ದಾರೆ. ಹಾವೇರಿ ಸೀಮೆಯ ಗಳಗನಾಥರು (1869–1942) ಕನ್ನಡಿಗರಿಗೆ ಕಾದಂಬರಿಯ ರುಚಿ ಹತ್ತಿಸಿದವರು. ತಾವು ಬರೆದ ಪುಸ್ತಕಗಳ ಗಂಟನ್ನು ತಾವೇ ಹೊತ್ತು ಊರೂರು ಅಲೆದು ಮಾರಿದರು. ನಮ್ಮ ಕೋಟದಲ್ಲಿ 1902ರಲ್ಲಿ ಹುಟ್ಟಿದ ಶಿವರಾಮ ಕಾರಂತರು ಅಸಹಕಾರ ಚಳವಳಿಯ ಕಾಲದಲ್ಲಿ ಕಾಲೇಜು ಬಿಟ್ಟು, ಮುಂದೆ ‘ವಸಂತ’ವೆಂಬ ಮಾಸಪತ್ರಿಕೆಯನ್ನು ನಡೆಸಿದರು. ಅದು ಕೆಲವೇ ವರ್ಷಗಳಲ್ಲಿ ನಿಂತುಹೋಯಿತು. ಆದರೆ ಪತ್ರಿಕೆಗಾಗಿ ತಿಂಗಳು ತಿಂಗಳು ಬರೆದ ಕೈ ನಿಲ್ಲಲಿಲ್ಲ. ‘ಚೋಮನ ದುಡಿ’ಯನ್ನೂ ‘ಮರಳಿ ಮಣ್ಣಿಗೆ’ಯನ್ನೂ ಬರೆಯಿತು. 1977ರ ಜ್ಞಾನಪೀಠ ಪ್ರಶಸ್ತಿ ‘ಮೂಕಜ್ಜಿಯ ಕನಸುಗಳು’ ಕೃತಿಗೆ ಬಂದುದು ಎಲ್ಲರಿಗೂ ತಿಳಿದ ವಿಷಯ. ಪಿ. ಲಂಕೇಶರು 1980ರಲ್ಲಿ ತಮ್ಮ ಹೆಸರಿನ ವಾರಪತ್ರಿಕೆಯನ್ನು ಆರಂಭಿಸಿದಾಗ ಜಾಹೀರಾತು ಬೇಡವೆಂದರು. ಓದುಗನು ಕೊಡುವ ಕಾಸಿನಿಂದಲೇ ಪತ್ರಿಕೆ ಬದುಕಬೇಕೆಂದು ನಿಶ್ಚಯಿಸಿದರು.

ಹೊರದೇಶದಲ್ಲೂ ಇಂಥ ಉದಾಹರಣೆಗಳುಂಟು. ಆಂಗ್ಲ ಲೇಖಕಿ ವರ್ಜೀನಿಯಾ ವುಲ್ಫ್ ಮತ್ತು ಆಕೆಯ ಪತಿ ಲೆನಾರ್ಡ್ ವುಲ್ಫ್ 1917ರಲ್ಲಿ ರಿಚ್ಮಂಡಿನ ತಮ್ಮ ಮನೆಯಲ್ಲೇ ಪುಟ್ಟದೊಂದು ಕೈಮುದ್ರಣ ಯಂತ್ರವನ್ನಿಟ್ಟು ‘ಹೊಗಾರ್ತ್ ಪ್ರೆಸ್’ ಎಂಬ ಅಚ್ಚುಕೂಟವನ್ನು ತೆರೆದರು. ಆಕೆ ತನ್ನ ಕೈಯಿಂದಲೇ ಮೊಳೆ ಜೋಡಿಸುತ್ತಿದ್ದಳು. 1922ರಿಂದ ಆಕೆಯ ಕಾದಂಬರಿಗಳು ಅಲ್ಲಿಂದಲೇ ಹೊರಬಂದವು. ಬೇರೊಬ್ಬ ಪ್ರಕಾಶಕನ ಮೆಚ್ಚುಗೆಗೆ ಕಾಯಬೇಕಾಗಿಲ್ಲವೆಂಬ ಧೈರ್ಯದಿಂದಲೇ ಆಕೆ ಹೊಸ ಬಗೆಯ ಬರವಣಿಗೆಗೆ ಕೈಹಾಕಲು ಸಾಧ್ಯವಾಯಿತೆಂದು ನನಗೆ ತೋರುತ್ತದೆ.

ಇಂಥವರ ಸಾಲಿನಲ್ಲಿ ನನ್ನ ನಾಲ್ಕು ಪುಟಗಳನ್ನು ಇಡುವ ಅವಿವೇಕ ನನಗಿಲ್ಲ. ಆದರೆ ದೊಡ್ಡ ಅಂಗಡಿಗೂ ಗೂಡಂಗಡಿಗೂ ಲೆಕ್ಕ ಬರೆಯುವ ಕ್ರಮ ಒಂದೇ. ಆದುದರಿಂದ ಮೊದಲು ಖರ್ಚಿನ ಕಡೆಯನ್ನು ನೋಡೋಣ.

ಮೊದಲನೆಯದು ಹಣ. ನಾಲ್ಕು ಪುಟಗಳನ್ನು ಮೂವತ್ತು ಪ್ರತಿ ಮಾಡಿದರೆ 120 ಪುಟ. ಪುಟಕ್ಕೆ 2 ರೂಪಾಯಿಯಂತೆ ಝೆರಾಕ್ಸಿಗೆ ತಿಂಗಳಿಗೆ 240 ರೂಪಾಯಿ ಬೇಕು. ಪ್ರತಿಯ ಬೆಲೆ 5 ರೂಪಾಯಿ. ಮೂವತ್ತರಲ್ಲಿ ಹಣ ಕೊಟ್ಟು ಓದುವವರು ಇಪ್ಪತ್ತು ಮಂದಿ. ಉಳಿದವರು ಪ್ರೀತಿಯಿಂದ ಓದುವವರು. ಬರುವುದು 100, ಕೈಯಿಂದ ಹೋಗುವುದು 140. ವರ್ಷಕ್ಕೆ 1,680, ಎರಡು ವರ್ಷಕ್ಕೆ 3,360 ರೂಪಾಯಿ. ಸಂಜೆ ಇಬ್ಬರು ಮಕ್ಕಳಿಗೆ ಪಾಠ ಹೇಳಿ ಬಂದ ಹಣದಲ್ಲಿ ಇದನ್ನು ತುಂಬಿಸಿದ್ದೇನೆ. ಉಳ್ಳವರಿಗೆ ಇದು ದೊಡ್ಡ ಮೊತ್ತವಲ್ಲ. ನಮ್ಮಂಥವರ ಮನೆಯಲ್ಲಿ ಮಾತ್ರ ಪರೀಕ್ಷೆಯ ಅರ್ಜಿ ಶುಲ್ಕ, ಪುಸ್ತಕ, ಮಳೆಗಾಲದ ಕೊಡೆ ಎಲ್ಲವೂ ಇದೇ ಮೂರು ಸಾವಿರದೊಳಗೆ ಬರತಕ್ಕವು.

ಎರಡನೆಯದು ಹೊತ್ತು. ಬರೆಯುವುದು, ತಿದ್ದುವುದು, ಅಕ್ಷರ ಚೆನ್ನಾಗಿ ಮೂಡುವಂತೆ ಮತ್ತೊಮ್ಮೆ ಬರೆಯುವುದು, ಹಂಚುವುದು, ಎಲ್ಲ ಸೇರಿ ಒಂದು ಸಂಚಿಕೆಗೆ ಹದಿನೈದು ಗಂಟೆಗೆ ಕಡಿಮೆಯಿಲ್ಲ. ಇಪ್ಪತ್ತನಾಲ್ಕು ಸಂಚಿಕೆಗೆ 360 ಗಂಟೆಯಾಯಿತು. ನನ್ನ ಜೊತೆಯವರು ಅದೇ ಹೊತ್ತಿನಲ್ಲಿ ಎಫ್. ಡಿ. ಎ., ಎಸ್. ಡಿ. ಎ. ಪರೀಕ್ಷೆಗಳ ಹಳೆಯ ಪ್ರಶ್ನೆಪತ್ರಿಕೆಗಳನ್ನು ಬಿಡಿಸುತ್ತಿದ್ದರು. ಹಣ ಹೋದರೆ ಇನ್ನೊಂದು ತಿಂಗಳಿನ ಪಾಠದಿಂದ ಬಂದೀತು. ಇಪ್ಪತ್ತನೆಯ ವಯಸ್ಸಿನ 360 ಗಂಟೆಗಳು ಮಾತ್ರ ಮರಳಿ ಬರುವಂಥವಲ್ಲ.

ಮೂರನೆಯ ಖರ್ಚನ್ನು ನಾನು ಎಲ್ಲಕ್ಕಿಂತ ದೊಡ್ಡದೆಂದು ಭಾವಿಸಿದ್ದೇನೆ. ಅದು ಹೆಸರಿನ ಖರ್ಚು. ನಂದಳಿಕೆಯ ಲಕ್ಷ್ಮೀನಾರಾಯಣಪ್ಪನವರು (1870–1901), ಎಂದರೆ ನಮ್ಮ ಕವಿ ಮುದ್ದಣ, ಉಡುಪಿಯಲ್ಲಿ ವ್ಯಾಯಾಮ ಶಿಕ್ಷಕರಾಗಿದ್ದವರು. ಕುಂದಾಪುರದಲ್ಲೂ ಕೆಲಕಾಲ ಉಪಾಧ್ಯಾಯರಾಗಿದ್ದರು. ‘ಶ್ರೀ ರಾಮಾಶ್ವಮೇಧ’ವನ್ನು ಅವರು ತಮ್ಮದೆಂದು ಹೇಳಿಕೊಳ್ಳದೆ, ಹಳೆಯ ಕವಿಯೊಬ್ಬನ ಕೃತಿಯೆಂಬಂತೆ ಮೈಸೂರಿಗೆ ಕಳುಹಿಸಿದರು. ಕರ್ತೃ ಅವರೇ ಎಂಬುದು ಲೋಕಕ್ಕೆಲ್ಲ ಖಚಿತವಾಗುವ ಹೊತ್ತಿಗೆ ಅವರು ತೀರಿಕೊಂಡು ಎಷ್ಟೋ ವರ್ಷಗಳಾಗಿದ್ದವು. ಬಡ ಶಿಕ್ಷಕನೊಬ್ಬನ ಕಾವ್ಯವನ್ನು ಪಂಡಿತರು ಒಪ್ಪುವರೋ ಇಲ್ಲವೋ ಎಂಬ ಅಳುಕು ಇದ್ದಿರಬೇಕು. ಹೆಸರನ್ನು ಮರೆಸಿದರೆ ನಿಂದೆ ತಪ್ಪುತ್ತದೆ, ಆದರೆ ಬದುಕಿರುವಾಗ ಬರಬೇಕಾದ ಗೌರವವೂ ತಪ್ಪುತ್ತದೆ. ಹೆಸರನ್ನು ಹಾಕಿದರೆ ಎರಡನ್ನೂ ಹೊರಬೇಕು.

ಅದೂ ನಮ್ಮೊಬ್ಬರ ಹೆಗಲಿನ ಮೇಲೆ ಮಾತ್ರ ಬೀಳುವ ಹೊರೆಯಾಗಿದ್ದರೆ ಚಿಂತೆಯಿರಲಿಲ್ಲ. ನಮ್ಮ ಅಮ್ಮ ಗೇರುಬೀಜದ ಕಾರ್ಖಾನೆಯಲ್ಲಿ ಕೆಲಸ ಮಾಡುವವಳು. ಗೇರುಬೀಜದ ಸಿಪ್ಪೆಯಲ್ಲಿರುವ ಎಣ್ಣೆ ಚರ್ಮವನ್ನು ಸುಡುತ್ತದೆ. ಬೀಜ ಒಡೆಯುವವರು ಕೈಗೆ ಬೂದಿಯನ್ನೋ ಬೇರೆ ಎಣ್ಣೆಯನ್ನೋ ಸವರಿಕೊಳ್ಳುತ್ತಾರೆ, ಆದರೂ ಬೆರಳು ಕಪ್ಪಾಗುವುದು ತಪ್ಪದು. ಆ ಕೈಗಳ ಮೇಲೆ ಒಂದು ಪುಟ ಬರೆದೆ. ಪ್ರತಿ ಮಾಡಿಸುವ ಮೊದಲು ಅಮ್ಮನಿಗೆ ಓದಿ ಹೇಳಿದೆ. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, “ಕೈಯದ್ದ್ ಬೇಕಾರೆ ಬರಿ ಮಗಾ, ಸಂಬ್ಳದ್ದ್ ಬ್ಯಾಡ” ಎಂದಳು. ಸಂಬಳದ ಸಾಲುಗಳನ್ನು ತೆಗೆದೆ. ಹಾಗಿದ್ದರೂ ಮರುವಾರ ಕೆಲಸದ ಜಾಗದಲ್ಲಿ ಯಾರೋ ಆಕೆಯನ್ನು ತಡೆದು, “ನಿಮ್ಮ ಮಗಳು ಎಂತೆಂತದೋ ಬರೀತಾಳಂತಲ್ಲ” ಎಂದು ಕೇಳಿದರು. ಬರೆದವಳು ನಾನು, ಉತ್ತರ ಹೇಳಬೇಕಾದವಳು ಅಮ್ಮ. ಮೂವತ್ತು ಪ್ರತಿಯ ಪತ್ರಿಕೆಯಲ್ಲಿ ಇಷ್ಟಾದರೆ ಮೂವತ್ತು ಸಾವಿರದ ಪತ್ರಿಕೆಯಲ್ಲಿ ಎಷ್ಟಾಗಬಹುದೆಂಬುದನ್ನು ವಾಚಕರೇ ಊಹಿಸಬಹುದು.

ಇನ್ನು ಜಮೆಯ ಕಡೆಗೆ ಬರೋಣ. ಮೊದಲನೆಯ ಲಾಭವೆಂದರೆ ಕಣ್ಣು ತೆರೆದದ್ದು. ತಿಂಗಳ ಕೊನೆಗೆ ನಾಲ್ಕು ಪುಟ ತುಂಬಿಸಲೇಬೇಕೆಂಬ ಹೊಣೆ ಬಂದಮೇಲೆ, ದಿನವೂ ನಡೆದುಹೋಗುತ್ತಿದ್ದ ದಾರಿಯಲ್ಲೇ ವಿಷಯಗಳು ಕಾಣತೊಡಗಿದವು. ನಮ್ಮೂರ ಹೆಸರಿನ ಕೊನೆಯಲ್ಲಿರುವ ‘ಬೈಲು’ ಎಂಬ ಮಾತನ್ನೇ ನೋಡಿ. ದಕ್ಷಿಣ ಕನ್ನಡದ ಕಂದಾಯದ ಲೆಕ್ಕದಲ್ಲಿ ಭತ್ತದ ಭೂಮಿ ಮೂರು ಬಗೆ. ತಗ್ಗಿನಲ್ಲಿದ್ದು ನೀರು ನಿಲ್ಲುವುದು ಬೈಲು. ಅಲ್ಲಿ ಕಾರ್ತಿ, ಸುಗ್ಗಿ, ಅನುಕೂಲವಿದ್ದರೆ ಕೊಳಕೆ ಎಂದು ಮೂರು ಬೆಳೆ. ನಡುವಿನದು ಮಜಲು, ಅಲ್ಲಿ ಎರಡು ಬೆಳೆ. ಮೇಲಿನದು ಬೆಟ್ಟು, ಅಲ್ಲಿ ಮಳೆ ನಂಬಿದ ಒಂದೇ ಬೆಳೆ. ಇದನ್ನು ಬರೆದು ಹಂಚಿದ ತಿಂಗಳು ಓದುಗರಾದ ಹಿರಿಯ ಕೃಷಿಕರೊಬ್ಬರು ನನ್ನನ್ನು ಕರೆದು, ಮಳೆ ನಂಬಿದ ಗದ್ದೆಗೆ ನಮ್ಮ ಕಡೆ ‘ಮಕ್ಕಿ ಗೆದ್ದಿ’ ಎನ್ನುವುದೂ ಉಂಟೆಂದು ತಿಳಿಸಿದರು. ಮುಂದಿನ ಸಂಚಿಕೆಗೆ ಅವರೇ ಅರ್ಧ ಪುಟದ ವಿಷಯ ಕೊಟ್ಟರು. ಗ್ರಂಥಾಲಯದ ಪುಸ್ತಕಕ್ಕೆ ಹೀಗೆ ಎದುರುತ್ತರ ಕೊಡುವ ಅವಕಾಶ ಅವರಿಗೆ ಎಂದೂ ದೊರೆತಿರಲಿಲ್ಲ.

ಎರಡನೆಯ ಲಾಭ ಭಾಷೆಯದು. ಕುಂದಾಪ್ರ ಕನ್ನಡವನ್ನಾಡಲು ನಾಚುವ ಸಹಪಾಠಿಗಳು ನಮ್ಮಲ್ಲಿ ಇಂದಿಗೂ ಇದ್ದಾರೆ. 2019ರಿಂದ ಆಸಾಡಿ ಅಮಾಸಿಯ ದಿನ ವಿಶ್ವ ಕುಂದಾಪ್ರ ಕನ್ನಡ ದಿನವನ್ನು ಆಚರಿಸುತ್ತ ಬಂದಿರುವುದರಿಂದ ಆ ನಾಚಿಕೆ ಕಡಿಮೆಯಾಗಿದೆ. ಆದರೆ ವರ್ಷಕ್ಕೊಮ್ಮೆ ವೇದಿಕೆಯ ಮೇಲೆ ಹೊಗಳಿದ ಮಾತ್ರಕ್ಕೆ ಭಾಷೆ ಉಳಿಯದು. ಅದರಲ್ಲಿ ನಿತ್ಯದ ಸುದ್ದಿಯನ್ನು ಬರೆಯಬೇಕು, ಓದಬೇಕು. ನನ್ನ ಪತ್ರಿಕೆಯ ಕೊನೆಯ ಪುಟ ಪೂರ್ತಿ ಮನೆಮಾತಿನಲ್ಲಿರುತ್ತದೆ. ಎಲ್ಲರೂ ಮೊದಲು ತೆರೆಯುವುದು ಅದನ್ನೇ.

ಮೂರನೆಯದು, ದೊಡ್ಡ ಪತ್ರಿಕೆಗಳು ಬರೆಯಲಾರದ್ದನ್ನು ಬರೆಯುವ ಅವಕಾಶ. ಅಮಾಸೆಬೈಲು ಮನೆಮನೆಗೂ ಸೌರದೀಪ ಬಂದ ಗ್ರಾಮವೆಂದು ಪತ್ರಿಕೆಗಳಲ್ಲಿ ಹೆಸರಾಯಿತು. ಪಕ್ಕದ ಹೊಸಂಗಡಿಯಲ್ಲಿ ನೆಲದೊಳಗೆ ವಾರಾಹಿ ವಿದ್ಯುದಾಗಾರವಿದ್ದರೂ ಕಾಡಿನ ನಡುವಿನ ಮನೆಗಳಲ್ಲಿ ಮಳೆಗಾಲದ ರಾತ್ರಿ ಕತ್ತಲೆಯೇ ಆಗಿದ್ದುದರಿಂದ ಇದು ಮೆಚ್ಚತಕ್ಕ ಕೆಲಸವೇ ಸರಿ. ದೀಪ ಬಂದ ಸುದ್ದಿಯನ್ನು ಬರೆಯುವುದು ಪತ್ರಿಕಾಕರ್ತರ ಕೆಲಸ. ಅವರು ಅದನ್ನು ಮಾಡಿದರು. ಆ ದೀಪದಡಿಯಲ್ಲಿ ಯಾರು ಎಷ್ಟು ಹೊತ್ತು ಓದಿದರು, ಯಾರು ಹೂ ಕಟ್ಟಿದರು, ಯಾವ ಮನೆಯ ಅಜ್ಜಿ ಹೆದರದೆ ರಾತ್ರಿ ಅಂಗಳಕ್ಕಿಳಿದಳು ಎಂಬುದನ್ನು ಊರಿನಲ್ಲಿರುವವರಲ್ಲದೆ ಇನ್ನಾರು ಬರೆಯಬೇಕು?

ಇಲ್ಲಿ ಒಂದು ಪ್ರಶ್ನೆ ಏಳುವುದು ಸಹಜ. ಕೈಯಲ್ಲಿ ಮೊಬೈಲ್ ಇರುವಾಗ ಈ ಝೆರಾಕ್ಸಿನ ಗೊಡವೆಯೇಕೆ, ಖರ್ಚಿಲ್ಲದೆ ಲೋಕಕ್ಕೆಲ್ಲ ಓದಿಸಬಹುದಲ್ಲ ಎಂದು ಗೆಳತಿಯರು ಕೇಳುತ್ತಾರೆ. ಮಾತು ಸುಳ್ಳಲ್ಲ. ನಮ್ಮ ಕರಾವಳಿಯವರೇ ಆದ ಕಿನ್ನಿಕಂಬಳ ಪದ್ಮನಾಭ ರಾಯರಂಥವರು ಕೀಲಿಮಣೆಯ ವಿನ್ಯಾಸ ರೂಪಿಸಿಕೊಟ್ಟುದರಿಂದ ಗಣಕದಲ್ಲಿ ಕನ್ನಡ ಬರೆಯುವುದು ಸುಲಭವಾಗಿದೆ. ಆದರೆ ಬಿಟ್ಟಿ ಜಾಗಕ್ಕೂ ಒಡೆಯನೊಬ್ಬನಿರುತ್ತಾನೆ. ಜಿಯೋಸಿಟೀಸ್ ಎಂಬ ತಾಣ 2009ರಲ್ಲಿ ಬಾಗಿಲು ಮುಚ್ಚಿತು. ನಮ್ಮ ದೇಶದಲ್ಲಿ ಬಹಳ ಜನಪ್ರಿಯವಾಗಿದ್ದ ಆರ್ಕುಟ್ 2014ರಲ್ಲಿ ನಿಂತಿತು. ಅಲ್ಲಿ ಬರೆದಿಟ್ಟು ಪ್ರತಿ ಉಳಿಸಿಕೊಳ್ಳದವರ ಮಾತುಗಳೂ ಅವುಗಳೊಡನೆ ಹೋದವು. ಇದಕ್ಕಿಂತ ಮುಖ್ಯವಾದ ಸಂಗತಿ ಇನ್ನೊಂದು. ನನ್ನ ಮೂವತ್ತು ಓದುಗರ ಮುಖ ನನಗೆ ಗೊತ್ತು. ಅಮ್ಮನ ಕೈಗಳ ಕಥೆ ಯಾರ ಮನೆಯಲ್ಲಿದೆಯೆಂದು ಹೇಳಬಲ್ಲೆ. ಮೊಬೈಲಿಗೆ ಬಿಟ್ಟ ಮಾತು ಎಲ್ಲಿ ಹೋಗಿ, ಯಾರ ಬಾಯಲ್ಲಿ, ಯಾವ ಬಣ್ಣ ತಳೆಯುವುದೋ ಹೇಳಲಾಗದು. ಅಲ್ಲಿ ಹಣದ ಖರ್ಚು ಇಳಿದಂತೆ ಹೆಸರಿನ ಖರ್ಚು ಏರುತ್ತದೆ.

ಎರಡೂ ಕಡೆಯನ್ನು ಕೂಡಿ ಕಳೆದು ನೋಡಿದಾಗ ನನಗೆ ತೋರುವುದಿಷ್ಟು. ಹಣ ಮತ್ತು ಕೀರ್ತಿಯ ಲೆಕ್ಕದಲ್ಲಿ ಸ್ವಂತ ಪತ್ರಿಕೆ ನಷ್ಟದ ವ್ಯಾಪಾರವೇ. ಆದರೆ ಅಕ್ಷರ ಕಲಿತ ಮೊದಲ ತಲೆಮಾರಿನವರಿಗೆ ಅದರಿಂದ ಬೇರೊಂದು ಗಳಿಕೆಯುಂಟು. ನಮ್ಮ ಹಿರಿಯರ ದುಡಿಮೆ, ಗದ್ದೆ, ಮಾತು ಯಾವ ಪಠ್ಯಪುಸ್ತಕದಲ್ಲೂ ಬಂದಿಲ್ಲ. ಅವನ್ನು ಬರೆಯಬಲ್ಲವರು ಮನೆಯಲ್ಲಿ ಮೊತ್ತಮೊದಲಿಗೆ ನಾವೇ. ಆ ಕಾರಣಕ್ಕಾಗಿಯೇ, ಹಾಗೆ ಬರೆಯುವಾಗ ಆಗುವ ಖರ್ಚನ್ನು ಅವರ ತಲೆಗೆ ಕಟ್ಟದಂತೆ ನೋಡಿಕೊಳ್ಳುವುದೂ ನಮ್ಮ ಕರ್ತವ್ಯ.

ಆದಕಾರಣ ನಾನು ಪತ್ರಿಕೆಯನ್ನು ನಿಲ್ಲಿಸುವುದಿಲ್ಲ. ಮಾಸಿಕವನ್ನು ತ್ರೈಮಾಸಿಕ ಮಾಡುತ್ತೇನೆ. ಉಳಿಯುವ ಹೊತ್ತು ಪರೀಕ್ಷೆಯ ಓದಿಗೆ, ಉಳಿಯುವ ಹಣ ಮನೆಗೆ. ಪ್ರತಿ ಸಂಚಿಕೆಯ ಒಂದು ಪ್ರತಿಯನ್ನು ಗ್ರಂಥಾಲಯಕ್ಕೆ ಕೊಡುತ್ತೇನೆ. ಯಾರ ಬಗೆಗೆ ಬರೆಯುತ್ತೇನೋ ಅವರಿಗೆ ಮೊದಲು ಓದಿ ಹೇಳಿ, ಅವರು ಬೇಡವೆಂದುದನ್ನು ಬಿಡುವ ಕ್ರಮವನ್ನು ಬಿಡುವುದಿಲ್ಲ. ಈ ಲೇಖನವನ್ನೂ ಅಮ್ಮನಿಗೆ ಓದಿ ಹೇಳಿಯೇ ಸಂಪಾದಕ ಮಂಡಳಿಗೆ ಕೊಟ್ಟಿದ್ದೇನೆ.

ಕಿರಿಯ ವಿದ್ಯಾರ್ಥಿಮಿತ್ರರಲ್ಲಿ ಯಾರಿಗಾದರೂ ಇಂಥ ಹಂಬಲವಿದ್ದರೆ ಹಿಂಜರಿಯಬಾರದೆಂದು ಕೋರುತ್ತೇನೆ. ಒಂದು ಹಾಳೆ, ಒಂದು ಲೇಖನಿ, ಹತ್ತು ಮಂದಿ ಓದುಗರು ಸಾಕು. ಲೆಕ್ಕದ ಪುಸ್ತಕವನ್ನು ಮಾತ್ರ ಮೊದಲ ದಿನದಿಂದಲೇ ಇಡಿರಿ.