ಸಾಲಕ್ಕೆ ಮುನ್ನ ಸಿದ್ಧತೆ: ಕಂಪ್ಯೂಟರ್ ಸ್ನಾತಕೋತ್ತರ ಶಿಕ್ಷಣದ ಹಾದಿ

ಪದವಿ ಪರೀಕ್ಷೆಗಳ ಫಲಿತಾಂಶ ಪ್ರಕಟವಾಗುವ ದಿನಗಳಲ್ಲಿ ನಮ್ಮ ಮನೆಗಳಿಗೆ ಸಂತೋಷದ ಬೆನ್ನಿಗೇ ಒಂದು ಚಿಂತೆಯೂ ಪ್ರವೇಶಿಸುತ್ತದೆ. ದೇವರ ಹಿಪ್ಪರಗಿಯ ಕಡೆಯ ಒಂದು ಕುಟುಂಬವನ್ನು ಊಹಿಸಿಕೊಳ್ಳೋಣ. ಮನೆಗೆ ಆಧಾರ ನಾಲ್ಕು ಎಕರೆ ತೊಗರಿ ಹೊಲ. ಮಗಳು ಬಿ.ಕಾಂ. ಪದವೀಧರೆ, ಅವಳ ಮನಸ್ಸು ಕಂಪ್ಯೂಟರ್ ವಿಜ್ಞಾನದ ಕಡೆಗೆ. "ನಿನ್ನ ಪದವಿ ಇದಕ್ಕೆ ಸಲ್ಲದು, ಮೊದಲಿನಿಂದ ಬಿ.ಸಿ.ಎ. ಮಾಡು" ಎನ್ನುವವರು ಕೆಲವರು, "ಬೆಂಗಳೂರಿನಲ್ಲಿ ಲಕ್ಷ ರೂಪಾಯಿ ಕಟ್ಟಿ ತರಬೇತಿ ಪಡೆ" ಎನ್ನುವವರು ಹಲವರು. ಕೊನೆಗೆ ತಂದೆ ಹೊಲದ ಉತಾರ ಹಿಡಿದು ಸಾಲಕ್ಕೆ ಹೊರಡುತ್ತಾನೆ. ಈ ಹೆಜ್ಜೆಯನ್ನಿಡುವ ಮುನ್ನ ತಂದೆತಾಯಿಗಳು ಒಂದು ಕ್ಷಣ ನಿಂತು ಯೋಚಿಸಬೇಕೆಂಬುದೇ ಈ ಲೇಖನದ ಆಶಯ.

ತರ್ಕಶಾಸ್ತ್ರವು ಅಗತ್ಯವಾದುದನ್ನೂ ಸಾಕಾಗುವುದನ್ನೂ ಬೇರೆಬೇರೆಯಾಗಿ ಪರಿಗಣಿಸುತ್ತದೆ. ಬಿತ್ತನೆಗೆ ಮಳೆ ಅಗತ್ಯ. ಆದರೆ ಮಳೆಯೊಂದೇ ಬೆಳೆಗೆ ಸಾಲದು. ಸ್ನಾತಕೋತ್ತರ ಪ್ರವೇಶದ ವಿಷಯದಲ್ಲಿ ಈ ಎರಡನ್ನೂ ಒಂದೆಂದು ಭಾವಿಸುವುದರಿಂದಲೇ ಎಷ್ಟೋ ಕುಟುಂಬಗಳು ಬೇಡದ ವೆಚ್ಚಕ್ಕೆ ಗುರಿಯಾಗುತ್ತವೆ. ಆದ್ದರಿಂದ ಮೊದಲು ಕೇಳಬೇಕಾದ ಪ್ರಶ್ನೆ "ಯಾವ ಕೋರ್ಸಿಗೆ ಸೇರಲಿ?" ಎಂಬುದಲ್ಲ. "ನಾನು ಬಯಸುವ ವಿದ್ಯಾಲಯಕ್ಕೆ ನನ್ನಲ್ಲಿ ಇಲ್ಲದಿರುವುದು ಏನು?" ಎಂಬುದೇ ಆ ಪ್ರಶ್ನೆ.

ಎಂ.ಸಿ.ಎ. ಪದವಿಯನ್ನೇ ನೋಡೋಣ. ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತಿನ ನಿಯಮಗಳು ಬಿ.ಸಿ.ಎ. ಮಾಡಿದವರಿಗೆ ಮಾತ್ರವಲ್ಲದೆ ಬಿ.ಎಸ್ಸಿ., ಬಿ.ಕಾಂ., ಬಿ.ಎ. ಪದವೀಧರರಿಗೂ ಬಾಗಿಲು ತೆರೆದಿವೆ. ಗಣಿತದ ಬಗೆಗಿನ ನಿಬಂಧನೆಯನ್ನೂ ಬ್ರಿಜ್ ಕೋರ್ಸ್ ಎಂಬ ಪೂರಕ ಪಾಠಗಳನ್ನೂ ಆಯಾ ವಿಶ್ವವಿದ್ಯಾಲಯದ ಪ್ರಕಟಣೆಯಲ್ಲಿ ನೋಡಿಕೊಳ್ಳಬೇಕು. ಹೀಗಿರುವಾಗ ಮತ್ತೊಂದು ಪದವಿಗಾಗಿ ಮೂರು ವರ್ಷ ವ್ಯಯಿಸುವುದು ಅನೇಕರಿಗೆ ಅನಗತ್ಯ. ಆದರೆ ಇನ್ನೊಂದು ಸಂಗತಿಯನ್ನು ಮರೆಯಲಾಗದು. ಮೂರು ವರ್ಷಗಳ ಎಂ.ಸಿ.ಎ. 2020-21ರಿಂದ ಎರಡು ವರ್ಷಗಳಿಗೆ ಇಳಿದಿದೆ. ಮೂಲಪಾಠಗಳನ್ನು ನಿಧಾನವಾಗಿ ಕಲಿಯಲು ಹಿಂದೆ ಇದ್ದ ಬಿಡುವು ಈಗಿಲ್ಲ. ಆ ಹೊರೆ ಬಹುಮಟ್ಟಿಗೆ ವಿದ್ಯಾರ್ಥಿಯ ಹೆಗಲಿಗೇ ಬಂದಿದೆ. ಸಿದ್ಧತೆಯಿಲ್ಲದೆ ಸೀಟು ಪಡೆದವರು ಮೊದಲ ಸೆಮಿಸ್ಟರಿನಲ್ಲಿಯೇ ಕಂಗೆಡುವ ಅಪಾಯವಿದೆ.

ಮಡಿವಾಳ ಮಾಚಿದೇವರ ಜನ್ಮಸ್ಥಳವೆಂದು ಪ್ರಸಿದ್ಧವಾದ ದೇವರ ಹಿಪ್ಪರಗಿಯ ಜನರಿಗೆ ಮಡಿವಾಳರ ಕಾಯಕದ ಮರ್ಮವನ್ನು ಹೇಳಿಕೊಡಬೇಕಾಗಿಲ್ಲ. ಕೊಳೆ ಹೋಗದ ಬಟ್ಟೆಗೆ ಎಷ್ಟು ಬೆಲೆಬಾಳುವ ಬಣ್ಣ ಹಾಕಿದರೂ ಅದು ಹಿಡಿಯದು. ಕಂಪ್ಯೂಟರ್ ವಿಜ್ಞಾನದಲ್ಲಿ ಆ ಪೂರ್ವಕಾರ್ಯ ಮಾಡಬೇಕಾದುದು ಗಣಿತ. ಸುರತ್ಕಲ್ಲಿನ ಎನ್.ಐ.ಟಿ. ಮೊದಲಾದೆಡೆ ಎಂ.ಸಿ.ಎ. ಪ್ರವೇಶಕ್ಕಾಗಿ ನಡೆಯುವ ನಿಮ್‌ಸೆಟ್ ಪರೀಕ್ಷೆಯ 120 ಪ್ರಶ್ನೆಗಳಲ್ಲಿ 50 ಗಣಿತದವೇ ಆಗಿವೆ. ಆದುದರಿಂದ ಗಣ, ತರ್ಕ, ಸಂಬಂಧಗಳನ್ನು ಕುರಿತ ಡಿಸ್ಕ್ರೀಟ್ ಗಣಿತ ಮತ್ತು ಸಂಭವನೀಯತೆ ಮೊದಲು. ಅದರ ಜೊತೆಗೇ ಯಾವುದಾದರೂ ಒಂದು ಪ್ರೋಗ್ರಾಮಿಂಗ್ ಭಾಷೆ. ಬಳಿಕ ಡೇಟಾ ಸ್ಟ್ರಕ್ಚರ್ ಮತ್ತು ಅಲ್ಗಾರಿದಮ್. ಆಮೇಲೆ ಆಪರೇಟಿಂಗ್ ಸಿಸ್ಟಮ್, ಡೇಟಾಬೇಸ್, ನೆಟ್‌ವರ್ಕ್. ಈ ಕ್ರಮವನ್ನು ತಲೆಕೆಳಗು ಮಾಡಿದವರು ಒಂದೇ ಪಾಠಕ್ಕೆ ಎರಡು ಬಾರಿ ಹಣ ತೆರಬೇಕಾಗುತ್ತದೆ.

ಈ ಪಾಠಗಳನ್ನು ಕಡಿಮೆ ವೆಚ್ಚದಲ್ಲಿ ಪಡೆಯುವುದೆಲ್ಲಿ? ಐ.ಐ.ಟಿ.ಗಳೂ ಭಾರತೀಯ ವಿಜ್ಞಾನ ಸಂಸ್ಥೆಯೂ ಸೇರಿ 2003ರಲ್ಲಿ ಆರಂಭಿಸಿದ ಎನ್‌ಪಿಟೆಲ್ ಮತ್ತು 2017ರಲ್ಲಿ ಕೇಂದ್ರ ಸರ್ಕಾರ ಉದ್ಘಾಟಿಸಿದ ಸ್ವಯಂ ಇವೆರಡರಲ್ಲಿ ಮೇಲೆ ಹೇಳಿದ ಎಲ್ಲ ವಿಷಯಗಳೂ ಇವೆ. ಸಾಮಾನ್ಯವಾಗಿ ಎನ್‌ಪಿಟೆಲ್ ಪಾಠಗಳು ಜನವರಿ ಮತ್ತು ಜುಲೈ ತಿಂಗಳಲ್ಲಿ ಆರಂಭವಾಗಿ, ಎಂಟು ಅಥವಾ ಹನ್ನೆರಡು ವಾರ ನಡೆಯುತ್ತವೆ. ಕಲಿಕೆ ಉಚಿತ. ಪ್ರಮಾಣಪತ್ರ ಬೇಕಾದವರು ಮಾತ್ರ ಕೇಂದ್ರಕ್ಕೆ ಹೋಗಿ ಪರೀಕ್ಷೆ ಬರೆಯಬೇಕು. ಅದರ ಶುಲ್ಕ ಒಂದು ವಿಷಯಕ್ಕೆ ಸುಮಾರು ಸಾವಿರ ರೂಪಾಯಿ. ನಾಲ್ಕು ವಿಷಯಗಳನ್ನು ಒಂದು ವರ್ಷದಲ್ಲಿ ಮುಗಿಸಿದರೆ ಆಗುವ ಶುಲ್ಕವನ್ನು ತರಬೇತಿ ಸಂಸ್ಥೆ ಕೇಳುವ ಲಕ್ಷದೊಡನೆ ಹೋಲಿಸಿ ನೋಡಿರಿ.

ಆದರೂ ಒಂದು ಎಚ್ಚರಿಕೆ ಅಗತ್ಯ. ಪ್ರಮಾಣಪತ್ರ ಬೇರೆ, ವಿಶ್ವವಿದ್ಯಾಲಯ ನೀಡುವ ಅಂಕಪಟ್ಟಿ ಬೇರೆ. ಕೆಲವು ವಿದ್ಯಾಲಯಗಳು ಅಂಕಪಟ್ಟಿಯನ್ನೇ ಕೇಳಬಹುದು. ಅಂಥ ಸಂದರ್ಭದಲ್ಲಿ ಇಗ್ನೋ ದೂರಶಿಕ್ಷಣದ ಪಿ.ಜಿ.ಡಿ.ಸಿ.ಎ.ಯನ್ನು ಪರಿಶೀಲಿಸಬಹುದು, ಅದರ ಪ್ರಾದೇಶಿಕ ಕೇಂದ್ರ ವಿಜಯಪುರದಲ್ಲಿಯೇ ಇದೆ. 2020ರಲ್ಲಿ ಆರಂಭವಾದ ಐ.ಐ.ಟಿ. ಮದರಾಸಿನ ಆನ್‌ಲೈನ್ ಪದವಿಯಲ್ಲಿ ಗಣಿತ, ಸಂಖ್ಯಾಶಾಸ್ತ್ರ, ಪೈಥಾನ್ ಒಳಗೊಂಡ ಎಂಟು ವಿಷಯಗಳ ಮೊದಲ ಹಂತವನ್ನಷ್ಟೇ ಮುಗಿಸಿ ಹೊರಬರಲೂ ಅವಕಾಶವಿದೆ. ಏನೇ ಆಗಲಿ, ಶುಲ್ಕ ಕಟ್ಟುವ ಮುನ್ನ "ಈ ಪಾಠವನ್ನು ನೀವು ಒಪ್ಪುವಿರಾ?" ಎಂದು ಪ್ರವೇಶ ಕಚೇರಿಗೆ ಪತ್ರ ಬರೆದು, ಲಿಖಿತ ಉತ್ತರವನ್ನು ಜೋಪಾನವಾಗಿಡಬೇಕು. ಬಾಯಿಮಾತಿನ ಭರವಸೆಯನ್ನು ನಂಬಿ ಹಣ ಕಟ್ಟುವುದು ಬೇಡ.

ಎಂ.ಟೆಕ್. ಬಯಸುವವರಿಗೂ ಇದೇ ಮಾತು ಅನ್ವಯಿಸುತ್ತದೆ. 2021ರಿಂದ ಕಲೆ, ವಾಣಿಜ್ಯ ವಿದ್ಯಾರ್ಥಿಗಳೂ ಗೇಟ್ ಪರೀಕ್ಷೆಗೆ ಕುಳಿತುಕೊಳ್ಳಬಹುದಾಗಿದೆ. ಆದರೆ ಪರೀಕ್ಷೆ ಬರೆಯುವ ಅರ್ಹತೆಯೇ ಪ್ರವೇಶದ ಅರ್ಹತೆಯಲ್ಲ. ಅಗತ್ಯವಾದುದು ಸಾಕಾಗುವುದಲ್ಲವೆಂಬುದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ಬೇಕಿಲ್ಲ. ವಿದೇಶದ ಆಸೆಯುಳ್ಳವರೂ ನಿರಾಶರಾಗಬೇಕಿಲ್ಲ. ಅಮೆರಿಕದ ಜಾರ್ಜಿಯಾ ಟೆಕ್ ಸಂಸ್ಥೆ 2014ರಲ್ಲಿ ಆರಂಭಿಸಿದ ಆನ್‌ಲೈನ್ ಸ್ನಾತಕೋತ್ತರ ಪದವಿಯ ಬೋಧನಾ ಶುಲ್ಕ ಒಟ್ಟು ಏಳು ಸಾವಿರ ಡಾಲರಿನ ಆಸುಪಾಸಿನಲ್ಲಿದೆ. ನಮಗೆ ಅದೂ ಸಣ್ಣ ಮೊತ್ತವಲ್ಲ. ಆದರೆ ಅಲ್ಲಿ ನೆಲೆಸಿ ಓದುವ ವೆಚ್ಚಕ್ಕೆ ಹೋಲಿಸಿದರೆ ಬಹಳ ಕಡಿಮೆ.

ಹಾಗಾದರೆ ನಾವು ಊಹಿಸಿಕೊಂಡ ಆ ಮಗಳು ಮಾಡಬೇಕಾದುದೇನು? ಮೊದಲು ಎರಡು ಮೂರು ವಿದ್ಯಾಲಯಗಳ ನಿಯಮಗಳನ್ನು ಒಂದು ಹಾಳೆಯಲ್ಲಿ ಬರೆದಿಡಲಿ. ವಿಜಯಪುರದ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯದಲ್ಲಿ ಕಂಪ್ಯೂಟರ್ ವಿಜ್ಞಾನದ ಸ್ನಾತಕೋತ್ತರ ವಿಭಾಗವಿರುವುದನ್ನೂ ಮರೆಯದಿರಲಿ. ಮನೆಗೆ ಸಮೀಪದ ವಿದ್ಯಾಲಯವೆಂದರೆ ವಸತಿ ಮತ್ತು ಊಟದ ಖರ್ಚಿನಲ್ಲಿ ಉಳಿತಾಯ. ಬಳಿಕ ತನ್ನ ಅಂಕಪಟ್ಟಿಯೊಡನೆ ಹೋಲಿಸಿ ಕೊರತೆಗಳನ್ನು ಗುರುತಿಸಲಿ. ಆನಂತರ ಡಿಸ್ಕ್ರೀಟ್ ಗಣಿತದ ಒಂದೇ ಒಂದು ಉಚಿತ ಪಾಠವನ್ನು ಹನ್ನೆರಡು ವಾರ ತಪ್ಪದೆ ಕಲಿಯಲಿ. ಆ ಹನ್ನೆರಡು ವಾರಗಳು ಅವಳ ಆಸಕ್ತಿಗೆ ಒರೆಗಲ್ಲು. ಆಸಕ್ತಿ ನಿಂತರೆ ಮುಂದಿನ ಹೆಜ್ಜೆ. ನಿಲ್ಲದಿದ್ದರೆ ಕಳೆದುಕೊಂಡದ್ದು ಹನ್ನೆರಡು ವಾರ, ಹೊಲವನ್ನಲ್ಲ.

ಸಾಲ ಅನಿವಾರ್ಯವಾದಾಗಲೂ ಅದು ಸೀಟು ಖಚಿತವಾದ ಮೇಲಿನ ಮಾತಾಗಬೇಕು. ಬ್ಯಾಂಕುಗಳ ಮಾದರಿ ಶಿಕ್ಷಣ ಸಾಲ ಯೋಜನೆಯಲ್ಲಿ 7.5 ಲಕ್ಷ ರೂಪಾಯಿವರೆಗೆ ಆಸ್ತಿಯ ಒತ್ತೆ ಬೇಕಿಲ್ಲವೆಂಬುದನ್ನು ತಂದೆತಾಯಿಗಳು ತಿಳಿದಿರಬೇಕು. ಮಕ್ಕಳ ಆಸೆಗೆ ಅಡ್ಡ ನಿಲ್ಲುವುದು ಹಿರಿಯರ ಧರ್ಮವಲ್ಲ. ಕಣ್ಣು ಮುಚ್ಚಿ ಸಾಲ ಮಾಡುವುದೂ ಪ್ರೀತಿಯ ಲಕ್ಷಣವಲ್ಲ. ಸಂಜೆ ಮಗಳು ಗಣಿತದ ಪಾಠಕ್ಕೆ ಕುಳಿತಾಗ ಆ ಒಂದು ಗಂಟೆ ಅವಳಿಗೆ ಮನೆಗೆಲಸವನ್ನು ಹೇಳದಿರುವುದು ಹಣ ಬೇಡದ, ಆದರೆ ಬೆಲೆ ಕಟ್ಟಲಾಗದ ಸಹಾಯ. ಅಲ್ಲಿಂದಲೇ ಆರಂಭಿಸೋಣ.