ಆಲ್‌ಝೈಮರ್ಸ್ ಕಾಯಿಲೆ: ರೋಗಿಗಳು ಹಾಗೂ ಕುಟುಂಬದವರು ತಿಳಿದಿರಬೇಕಾದ ಅಂಶಗಳು

ಪೀಠಿಕೆ

"ಅರವತ್ತಕ್ಕೆ ಅರಳು ಮರಳು" ಎಂಬುದು ನಾಡಿನಲ್ಲಿ ರೂಢಿಯಲ್ಲಿರುವ ಮಾತು. ಹಿರಿಯರು ಹೇಳಿದ್ದನ್ನೇ ಮತ್ತೆ ಮತ್ತೆ ಹೇಳಿದಾಗ, ಇಟ್ಟ ವಸ್ತುವನ್ನು ಮರೆತಾಗ ಮನೆಯವರು ಈ ಮಾತನ್ನಾಡಿ ಸುಮ್ಮನಾಗುವುದುಂಟು. ಆದರೆ ದೈನಂದಿನ ಜೀವನಕ್ಕೆ ಅಡ್ಡಿಯಾಗುವಷ್ಟು ಮರೆವು ವಯೋಸಹಜವಾದುದಲ್ಲ. ಅದು ಕಾಯಿಲೆಯ ಲಕ್ಷಣವಾಗಿರಬಹುದು. ಈ ತಪ್ಪು ತಿಳಿವಳಿಕೆಯಿಂದ ಚಿಕಿತ್ಸೆ ತಡವಾಗುವುದಷ್ಟೇ ಅಲ್ಲದೆ, ಹಿರಿಯರು ತಮ್ಮ ಆಸ್ತಿ, ಪಿಂಚಣಿ ಮತ್ತು ಆರೈಕೆಯ ಬಗ್ಗೆ ತಾವೇ ತೀರ್ಮಾನ ಕೈಗೊಳ್ಳಬಹುದಾದ ಅಮೂಲ್ಯ ಕಾಲಾವಕಾಶವೂ ಕೈತಪ್ಪಿಹೋಗುತ್ತದೆ. ಈ ಹಿನ್ನೆಲೆಯಲ್ಲಿ ಸಾರ್ವಜನಿಕರ ಮಾಹಿತಿಗಾಗಿ ಈ ಕೆಳಕಂಡ ವಿವರಗಳನ್ನು ನೀಡಲಾಗಿದೆ.

ಕಾಯಿಲೆ ಎಂದರೇನು?

ನೆನಪು, ಆಲೋಚನೆ, ಮಾತು ಹಾಗೂ ವಿವೇಚನಾ ಶಕ್ತಿಗಳು ಕ್ರಮೇಣ ಕುಂದುವ ಸ್ಥಿತಿಯನ್ನು ಡಿಮೆನ್ಷಿಯಾ ಎಂದು ಕರೆಯಲಾಗುತ್ತದೆ. ಇದಕ್ಕೆ ಹಲವು ಕಾರಣಗಳಿದ್ದು, ಅವುಗಳಲ್ಲಿ ಆಲ್‌ಝೈಮರ್ಸ್ ಕಾಯಿಲೆಯೇ ಪ್ರಮುಖವಾದುದು. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಶೇಕಡ 60ರಿಂದ 70ರಷ್ಟು ಪ್ರಕರಣಗಳಿಗೆ ಇದು ಕಾರಣವಾಗಿರಬಹುದು. ಭಾರತದಲ್ಲಿ 60 ವರ್ಷ ಮೇಲ್ಪಟ್ಟವರ ಪೈಕಿ ಶೇಕಡ 7.4ರಷ್ಟು ಮಂದಿ, ಅಂದರೆ ಸುಮಾರು 88 ಲಕ್ಷ ಜನರು ಡಿಮೆನ್ಷಿಯಾದಿಂದ ಬಳಲುತ್ತಿರುವರೆಂದು ರಾಷ್ಟ್ರಮಟ್ಟದ ಅಧ್ಯಯನವೊಂದು ಅಂದಾಜಿಸಿದೆ.

ಜರ್ಮನಿಯ ವೈದ್ಯ ಅಲೋಯ್ಸ್ ಆಲ್‌ಝೈಮರ್ ಅವರು 1901ರಲ್ಲಿ ಫ್ರಾಂಕ್‌ಫರ್ಟ್‌ನ ಆಸ್ಪತ್ರೆಯಲ್ಲಿ ಔಗುಸ್ತ ಡೇಟರ್ ಎಂಬ 51 ವರ್ಷದ ಮಹಿಳೆಯನ್ನು ಪರೀಕ್ಷಿಸಿದರು. ಪತಿಯ ಮೇಲೆ ಅಕಾರಣ ಸಂಶಯ ಆಕೆಯಲ್ಲಿ ಮೊದಲು ಕಂಡುಬಂದ ಲಕ್ಷಣಗಳಲ್ಲಿ ಒಂದಾಗಿತ್ತು. 1906ರಲ್ಲಿ ಆಕೆ ನಿಧನ ಹೊಂದಿದ ತರುವಾಯ ಮಿದುಳನ್ನು ಸೂಕ್ಷ್ಮದರ್ಶಕದಿಂದ ಪರಿಶೀಲಿಸಿ, ಅಸಹಜ ಶೇಖರಣೆಗಳನ್ನೂ ಗಂಟುಗಳನ್ನೂ ಗುರುತಿಸಿ ಅದೇ ವರ್ಷ ವರದಿ ಮಾಡಿದರು. 1910ರಲ್ಲಿ ಕಾಯಿಲೆಗೆ ಅವರ ಹೆಸರನ್ನಿಡಲಾಯಿತು. ಶೇಖರಣೆಗಳು ಅಮೈಲಾಯ್ಡ್ ಎಂಬ ಪ್ರೋಟೀನಿನವು, ಗಂಟುಗಳು ಟೌ ಎಂಬ ಪ್ರೋಟೀನಿನವು ಎಂಬುದು ಮುಂದೆ ತಿಳಿದುಬಂದಿತು. ಮಿದುಳಿನ ಈ ಬದಲಾವಣೆಗಳು ಲಕ್ಷಣಗಳು ಕಾಣಿಸಿಕೊಳ್ಳುವ ಎಷ್ಟೋ ವರ್ಷಗಳ ಮೊದಲೇ ಆರಂಭವಾಗಿರುತ್ತವೆ.

ಗಮನಿಸಬೇಕಾದ ಲಕ್ಷಣಗಳು

1. ಹಳೆಯ ಸಂಗತಿಗಳು ನೆನಪಿದ್ದು, ಇತ್ತೀಚಿನ ಮಾತು ಮತ್ತು ಘಟನೆಗಳು ಮರೆತುಹೋಗುವುದು. ಕೇಳಿದ್ದನ್ನೇ ಪದೇ ಪದೇ ಕೇಳುವುದು.
2. ಹಣಕಾಸಿನ ವ್ಯವಹಾರದಲ್ಲಿ ತಪ್ಪುಗಳಾಗುವುದು. ವಿದ್ಯುತ್ ಬಿಲ್ಲನ್ನು ಎರಡು ಬಾರಿ ಪಾವತಿಸುವುದು, ವಿಮಾ ಕಂತನ್ನು ಮರೆಯುವುದು, ಬ್ಯಾಂಕಿನಲ್ಲಿ ಸಹಿ ಹೊಂದಾಣಿಕೆಯಾಗದಿರುವುದು ಮುಂತಾದವು ಮನೆಯವರ ಗಮನಕ್ಕೆ ಬರುವ ಮೊದಲ ಸೂಚನೆಗಳಾಗಿರಬಹುದು.
3. ಪರಿಚಿತ ಬೀದಿಯಲ್ಲಿಯೇ ದಾರಿ ತಪ್ಪುವುದು. ದಿನ, ತಿಂಗಳುಗಳ ಅರಿವು ತಪ್ಪುವುದು.
4. ಸರಿಯಾದ ಪದ ತೋಚದಿರುವುದು. ಮಾಡಿ ಅಭ್ಯಾಸವಿದ್ದ ಅಡುಗೆಯ ಕ್ರಮವೂ ಮರೆಯುವುದು.
5. ಸಂಶಯ, ಸಿಡುಕು, ನಿರಾಸಕ್ತಿ ಮೊದಲಾದ ಸ್ವಭಾವ ಬದಲಾವಣೆಗಳು.

ಮರೆವಿಗೆ ಆಲ್‌ಝೈಮರ್ಸ್ ಒಂದೇ ಕಾರಣವಲ್ಲ. ಬಿ-12 ಜೀವಸತ್ವದ ಕೊರತೆ, ಥೈರಾಯ್ಡ್ ಗ್ರಂಥಿಯ ತೊಂದರೆ, ಖಿನ್ನತೆ, ಕೆಲವು ಔಷಧಿಗಳ ಅಡ್ಡಪರಿಣಾಮ ಇವುಗಳಿಂದಲೂ ಮರೆವು ಉಂಟಾಗುತ್ತದೆ ಹಾಗೂ ಸೂಕ್ತ ಚಿಕಿತ್ಸೆಯಿಂದ ಇವು ಸುಧಾರಿಸಬಲ್ಲವು. ಆದ್ದರಿಂದ ವೈದ್ಯರ ತಪಾಸಣೆಯಿಲ್ಲದೆ ಯಾವುದೇ ನಿರ್ಧಾರಕ್ಕೆ ಬರಬಾರದು.

ಚಿಕಿತ್ಸೆ

ಈ ಕಾಯಿಲೆಯನ್ನು ಸಂಪೂರ್ಣವಾಗಿ ಗುಣಪಡಿಸುವ ಔಷಧಿ ಲಭ್ಯವಿರುವುದಿಲ್ಲ. ಡೊನೆಪೆಝಿಲ್, ರಿವಾಸ್ಟಿಗ್ಮಿನ್, ಮೆಮಾಂಟಿನ್ ಮೊದಲಾದ ಔಷಧಿಗಳು ಕೆಲವರಲ್ಲಿ ಲಕ್ಷಣಗಳನ್ನು ಸ್ವಲ್ಪ ಕಾಲ ಹತೋಟಿಯಲ್ಲಿಡಲು ನೆರವಾಗುತ್ತವೆ. ರಕ್ತದೊತ್ತಡ, ಮಧುಮೇಹ, ಶ್ರವಣದೋಷ, ಧೂಮಪಾನ, ಒಂಟಿತನ ಮುಂತಾದ 14 ಅಪಾಯಕಾರಿ ಅಂಶಗಳನ್ನು ನಿವಾರಿಸಿದಲ್ಲಿ ಜಗತ್ತಿನ ಶೇಕಡ 45ರಷ್ಟು ಡಿಮೆನ್ಷಿಯಾ ಪ್ರಕರಣಗಳನ್ನು ತಡೆಯಲು ಅಥವಾ ಮುಂದೂಡಲು ಸಾಧ್ಯವೆಂದು 2024ರ ಲ್ಯಾನ್ಸೆಟ್ ಆಯೋಗವು ಅಭಿಪ್ರಾಯಪಟ್ಟಿದೆ.

ಕುಟುಂಬದ ಮೇಲಾಗುವ ಪರಿಣಾಮ

ಕಾಯಿಲೆ ಒಬ್ಬರಿಗೆ ಬಂದರೂ ಅದರ ಭಾರವನ್ನು ಇಡೀ ಮನೆ ಹೊರಬೇಕಾಗುತ್ತದೆ. ಆರೈಕೆಯ ಹೊಣೆ ಬಹುತೇಕ ಮನೆಯ ಮಹಿಳೆಯರ ಮೇಲೆಯೇ ಬೀಳುತ್ತದೆ. ಊಟ ಬಡಿಸಿ ಅರ್ಧ ಗಂಟೆಯೂ ಆಗಿರದೆ "ನನಗೆ ಊಟವನ್ನೇ ಹಾಕಿಲ್ಲ" ಎಂದು ನೆರೆಯವರಲ್ಲಿ ದೂರುವುದು, ತಾವೇ ಎಲ್ಲಿಯೋ ಇಟ್ಟ ಒಡವೆಯನ್ನು ಸೊಸೆ ಕದ್ದಳೆಂದು ಆರೋಪಿಸುವುದು ಇಂತಹ ಮನೆಗಳಲ್ಲಿ ಸಾಮಾನ್ಯ. ಇದು ಹಿರಿಯರ ದುರುದ್ದೇಶವಲ್ಲ, ಕಾಯಿಲೆಯ ಪರಿಣಾಮ ಎಂಬುದನ್ನು ಮನೆಯವರೂ ಬಂಧುಗಳೂ ಅರಿಯುವುದು ಅಗತ್ಯ. ಈ ಅರಿವಿಲ್ಲದೆ ಎಷ್ಟೋ ಮನೆಗಳಲ್ಲಿ ಮನಸ್ತಾಪ ಬೆಳೆದು, ಆರೈಕೆ ಮಾಡುವವರೇ ನಿದ್ರಾಹೀನತೆ ಹಾಗೂ ಖಿನ್ನತೆಗೆ ಒಳಗಾಗುತ್ತಾರೆ.

ಆರೈಕೆದಾರರು ಈ ಕೆಳಕಂಡ ಕ್ರಮಗಳನ್ನು ಅನುಸರಿಸುವುದು ಸೂಕ್ತ:

1. ವಾದ ಮಾಡಬಾರದು, ನೆನಪಿನ ಪರೀಕ್ಷೆ ಮಾಡಬಾರದು. ಮಾತನ್ನು ನಯವಾಗಿ ಬೇರೆಡೆಗೆ ತಿರುಗಿಸಬೇಕು.
2. ಸ್ನಾನ, ಊಟ, ನಿದ್ರೆಗಳನ್ನು ಪ್ರತಿದಿನ ಒಂದೇ ವೇಳೆಗೆ ರೂಢಿಸಬೇಕು. ಸಂಜೆಯ ವೇಳೆ ಗೊಂದಲ ಹೆಚ್ಚುವುದರಿಂದ ಮನೆಯಲ್ಲಿ ಬೆಳಕು ಸಾಕಷ್ಟಿರಬೇಕು.
3. ಹೆಸರು ಮತ್ತು ಮನೆಯವರ ದೂರವಾಣಿ ಸಂಖ್ಯೆ ಇರುವ ಚೀಟಿ ಅವರ ಜೇಬಿನಲ್ಲಿ ಅಥವಾ ಕೈಪಟ್ಟಿಯಲ್ಲಿ ಸದಾ ಇರಬೇಕು.
4. ಆರೈಕೆಯ ಸರದಿಯನ್ನು ಮನೆಯವರೆಲ್ಲರೂ ಹಂಚಿಕೊಂಡು, ಆರೈಕೆದಾರರಿಗೆ ವಿಶ್ರಾಂತಿ ದೊರೆಯುವಂತೆ ನೋಡಿಕೊಳ್ಳಬೇಕು.

ದಾಖಲೆ ಮತ್ತು ಕಾನೂನಿನ ವಿಷಯಗಳು

ಈ ವಿಷಯದಲ್ಲಿಯೇ ಕುಟುಂಬಗಳು ಹೆಚ್ಚು ತೊಂದರೆಗೊಳಗಾಗುತ್ತವೆ. ಉದಾಹರಣೆಗೆ, ನಿವೃತ್ತರೊಬ್ಬರು ಆರೋಗ್ಯವಾಗಿದ್ದಾಗ ಮಗನಿಗೆ ಅಧಿಕಾರ ಪತ್ರ ಬರೆದುಕೊಟ್ಟಿರುತ್ತಾರೆಂದು ಭಾವಿಸೋಣ. ತಂದೆಯವರು ವ್ಯವಹಾರ ಅರಿಯದ ಸ್ಥಿತಿಗೆ ತಲುಪಿದ ಮೇಲೂ ಆ ಪತ್ರ ಚಾಲ್ತಿಯಲ್ಲಿರುವುದೆಂದು ಮನೆಯವರು ನಂಬಿರುತ್ತಾರೆ. ಆದರೆ 1872ರ ಭಾರತೀಯ ಕರಾರು ಕಾಯಿದೆಯ 201ನೇ ಪ್ರಕರಣದಂತೆ, ಅಧಿಕಾರ ಕೊಟ್ಟವರು ಚಿತ್ತಸ್ವಾಸ್ಥ್ಯ ಕಳೆದುಕೊಂಡಾಗ ಆ ಅಧಿಕಾರವು ಸಾಮಾನ್ಯವಾಗಿ ಕೊನೆಗೊಳ್ಳುತ್ತದೆ. ಅಂದರೆ, ಪತ್ರವು ಅತ್ಯಗತ್ಯವಾಗುವ ವೇಳೆಗೇ ಅದು ನಿರುಪಯೋಗಿಯಾಗುತ್ತದೆ. ಆಗ ಪಾಲಕರ ನೇಮಕಕ್ಕಾಗಿ ನ್ಯಾಯಾಲಯದ ಮೊರೆ ಹೋಗಬೇಕಾಗುತ್ತದೆ. 1999ರ ರಾಷ್ಟ್ರೀಯ ನ್ಯಾಸ ಕಾಯಿದೆಯಡಿ ಪಾಲಕರನ್ನು ನೇಮಿಸುವ ಸ್ಥಳೀಯ ಮಟ್ಟದ ಸಮಿತಿಗಳ ವ್ಯಾಪ್ತಿಗೆ ಈ ಕಾಯಿಲೆ ಬರುವುದಿಲ್ಲ.

ಆದರೆ ರೋಗನಿರ್ಣಯವಾದ ಮಾತ್ರಕ್ಕೆ ವ್ಯಕ್ತಿಯು ತೀರ್ಮಾನ ಕೈಗೊಳ್ಳುವ ಹಕ್ಕನ್ನು ಕಳೆದುಕೊಳ್ಳುವುದಿಲ್ಲ. ಆರಂಭದ ಹಂತದಲ್ಲಿ ವಿಷಯ ಗ್ರಹಿಸಿ ನಿರ್ಧರಿಸುವ ಶಕ್ತಿ ಬಹುತೇಕರಲ್ಲಿ ಉಳಿದಿರುತ್ತದೆ. ಈ ಅವಧಿಯಲ್ಲಿಯೇ ಅವರ ಇಚ್ಛೆಯನ್ನು ಕೇಳಿ ತಿಳಿದು ಈ ಕೆಳಕಂಡ ಕಾರ್ಯಗಳನ್ನು ಪೂರೈಸಿಕೊಳ್ಳುವುದು ಸೂಕ್ತ:

1. ಉಯಿಲು: ಸ್ವಸ್ಥಚಿತ್ತರು ಬರೆದ ಉಯಿಲು ಮಾತ್ರ ಊರ್ಜಿತವಾಗುತ್ತದೆ. ಇಬ್ಬರು ಸಾಕ್ಷಿಗಳು ಅಗತ್ಯ. ಅದೇ ಸಮಯದ ವೈದ್ಯರ ಪ್ರಮಾಣಪತ್ರವಿದ್ದಲ್ಲಿ ಮುಂದಿನ ತಕರಾರುಗಳಿಗೆ ಆಸ್ಪದ ಕಡಿಮೆ.
2. ಬ್ಯಾಂಕ್ ಖಾತೆ: ನಂಬಿಕಸ್ಥರೊಂದಿಗೆ ಜಂಟಿ ಖಾತೆ ಹಾಗೂ ನಾಮನಿರ್ದೇಶನದ ಬಗ್ಗೆ ಬ್ಯಾಂಕಿನಲ್ಲಿ ವಿಚಾರಿಸಬೇಕು.
3. ಚಿಕಿತ್ಸೆಯ ಇಚ್ಛೆ: 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯಡಿ ಮುಂಗಡ ನಿರ್ದೇಶನವನ್ನು ಬರೆದಿಡಲು ಹಾಗೂ ಪ್ರತಿನಿಧಿಯೊಬ್ಬರನ್ನು ಹೆಸರಿಸಲು ಅವಕಾಶವಿದೆ.
4. ಪಿಂಚಣಿ: ಜೀವಿತ ಪ್ರಮಾಣಪತ್ರ ಸಲ್ಲಿಸುವ ದಿನಾಂಕವನ್ನು ಮನೆಯವರು ಗುರುತು ಹಾಕಿಕೊಂಡು, ಗಡುವಿಗೆ ಮೊದಲೇ ಸಲ್ಲಿಸಬೇಕು.

ಆಸ್ತಿಯನ್ನು ಮಕ್ಕಳ ಹೆಸರಿಗೆ ವರ್ಗಾಯಿಸಲು ಇಚ್ಛಿಸುವ ಹಿರಿಯರು, ತಮ್ಮನ್ನು ನೋಡಿಕೊಳ್ಳಬೇಕೆಂಬ ಷರತ್ತನ್ನು ಪತ್ರದಲ್ಲಿಯೇ ನಮೂದಿಸುವುದು ಒಳಿತು. ಷರತ್ತು ಮೀರಿದಲ್ಲಿ 2007ರ ತಂದೆ ತಾಯಿಯರ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯಿದೆಯ 23ನೇ ಪ್ರಕರಣದಡಿ ಆ ವರ್ಗಾವಣೆಯನ್ನು ಅನೂರ್ಜಿತಗೊಳಿಸುವಂತೆ ನ್ಯಾಯಮಂಡಳಿಯನ್ನು ಕೋರಬಹುದು. ಹಿರಿಯರನ್ನು ನೋಡಿಕೊಳ್ಳುವ ಹೊಣೆ ಹೊತ್ತವರು ಅವರನ್ನು ತೊರೆದುಬಿಡುವುದು ಇದೇ ಕಾಯಿದೆಯಡಿ ಶಿಕ್ಷಾರ್ಹ ಅಪರಾಧವಾಗಿರುತ್ತದೆ.

ನೆರವು ಪಡೆಯುವ ವಿಧಾನ

ಮೊದಲು ಸಮೀಪದ ಸರ್ಕಾರಿ ಆಸ್ಪತ್ರೆಯ ವೈದ್ಯರನ್ನು ಕಾಣಬೇಕು. ರಾಜ್ಯ ಸರ್ಕಾರ ಮತ್ತು ನಿಮ್ಹಾನ್ಸ್ ಜಂಟಿಯಾಗಿ 2022ರಲ್ಲಿ ಆರಂಭಿಸಿದ ಕರ್ನಾಟಕ ಬ್ರೈನ್ ಹೆಲ್ತ್ ಇನಿಶಿಯೇಟಿವ್ ಅಡಿ ಮಿದುಳು ಆರೋಗ್ಯ ಚಿಕಿತ್ಸಾಲಯಗಳನ್ನು ತೆರೆಯಲಾಗಿದ್ದು, ಜಿಲ್ಲಾ ಆಸ್ಪತ್ರೆಯಲ್ಲಿ ಈ ಬಗ್ಗೆ ವಿಚಾರಿಸಬಹುದು. ತಪಾಸಣೆಗೆ ಹೋಗುವಾಗ ಹಿಂದಿನ ವರದಿಗಳು, ಸೇವಿಸುತ್ತಿರುವ ಎಲ್ಲ ಔಷಧಿಗಳ ಪಟ್ಟಿ ಹಾಗೂ ಬದಲಾವಣೆಗಳು ಯಾವಾಗ ಆರಂಭವಾದವು ಎಂಬ ಟಿಪ್ಪಣಿಯನ್ನು ಕೊಂಡೊಯ್ಯತಕ್ಕದ್ದು. ಹಿರಿಯರ ಜೊತೆಯಲ್ಲಿ ವಾಸಿಸುವವರೊಬ್ಬರು ತಪ್ಪದೆ ಹಾಜರಿರಬೇಕು.

ಮಾನಸಿಕ ಆರೋಗ್ಯದ ಸಲಹೆಗಾಗಿ ಟೆಲಿ ಮಾನಸ್ ಸಹಾಯವಾಣಿ 14416 ಅನ್ನು, ಹಿರಿಯ ನಾಗರಿಕರ ಇತರ ಸಮಸ್ಯೆಗಳಿಗಾಗಿ ಸಹಾಯವಾಣಿ 14567 ಅನ್ನು ಸಂಪರ್ಕಿಸಬಹುದು. ಆರೈಕೆ ಮಾಡುವವರು ತಮ್ಮ ಸ್ವಂತ ಆಯಾಸ ಮತ್ತು ದುಃಖಕ್ಕೂ ಈ ಸಲಹೆಯನ್ನು ಪಡೆಯಲು ಸಂಕೋಚಪಡಬೇಕಾಗಿಲ್ಲ.

ಮನೆಯ ಹಿರಿಯರಲ್ಲಿ ಮೇಲ್ಕಂಡ ಬದಲಾವಣೆಗಳು ಕಂಡುಬಂದಲ್ಲಿ, ಅರಳು ಮರಳೆಂದು ಉಪೇಕ್ಷಿಸದೆ, ಅವರು ತಮ್ಮ ಇಚ್ಛೆಯನ್ನು ತಾವೇ ಹೇಳಬಲ್ಲ ಹಂತದಲ್ಲಿಯೇ ತಪಾಸಣೆ ಮಾಡಿಸುವಂತೆ ಸಾರ್ವಜನಿಕರನ್ನು ಕೋರಲಾಗಿದೆ.