ಯಜಮಾನರಿಲ್ಲದ ಧಕ್ಕೆ

ಫೆಬ್ರುವರಿಯಲ್ಲಿ ಫ್ರಾನ್ಸಿನ ದಕ್ಷಿಣ ಕರಾವಳಿಯ ಆಂಟೀಬ್‌ಗೆ ಹೋದರೆ ಶ್ರೀಮಂತಿಕೆ ಕಾಣುತ್ತದೆ, ಶ್ರೀಮಂತರು ಕಾಣುವುದಿಲ್ಲ. ವೋಬಾನ್ ಬಂದರಿನಲ್ಲಿ, ಊರವರು ‘ಕೋಟ್ಯಧಿಪತಿಗಳ ಧಕ್ಕೆ’ ಎಂದು ಕರೆಯುವ ಕಡೆ, ನಾಲ್ಕೈದು ಅಂತಸ್ತಿನ ಯಾಟ್‌ಗಳು ದಡಕ್ಕೆ ಬೆನ್ನು ಕೊಟ್ಟು ಸಾಲಾಗಿ ನಿಂತಿರುತ್ತವೆ. ಮೂತಿಯ ಲಂಗರು ನೀರಿಗೆ, ಹಿಂಬದಿಯ ಹಗ್ಗ ಕಟ್ಟೆಗೆ. ಆಚೆ ನಕ್ಷತ್ರದಾಕಾರದ ಫೋರ್ ಕಾರೆ ಕೋಟೆ. ಅದರಾಚೆ ಹಿಮ ಹೊತ್ತ ಆಲ್ಪ್ಸ್. ಯಜಮಾನರು ಬರುವುದು ಬೇಸಿಗೆಗೆ, ಅದೂ ಕೆಲವೇ ವಾರ. ಉಪ್ಪುಗಾಳಿಗೆ ಮಾತ್ರ ರಜೆಯಿಲ್ಲ.

ಹಾಗಾಗಿ ಬೆಳಿಗ್ಗೆ ಎಂಟಕ್ಕೇ ಹುಡುಗರು ಸಿಹಿನೀರಿನ ಪೈಪು ಹಿಡಿದು ಉಪ್ಪು ತೊಳೆಯುತ್ತಿರುತ್ತಾರೆ. ಒಳಗೆ ಹುಡುಗಿಯೊಬ್ಬಳು ಕಿವಿಗೆ ಹಾಕುವ ಹತ್ತಿಕಡ್ಡಿಯಿಂದ ಕಿಟಕಿಯ ಸಂದಿಯ ದೂಳು ತೆಗೆಯುತ್ತಿರುತ್ತಾಳೆ. ಹತ್ತುವ ಹಲಗೆಯ ಬುಡದಲ್ಲಿ ಚಪ್ಪಲಿಬುಟ್ಟಿ. ತೇಗದ ನೆಲ, ಬೂಟು ನಿಷಿದ್ಧ. ಅಲ್ಲಿ ಬೂಟು ಕಳಚಿ ಕಾಲುಚೀಲದಲ್ಲೇ ಮೇಲೇರುವ, ಕಂಕುಳಲ್ಲಿ ಕಡತವಿರುವ ಹೆಂಗಸು ಯಾಟ್ ನೋಡಿಕೊಳ್ಳುವ ಕಂಪನಿಯ ಮ್ಯಾನೇಜರ್.

ಆಕೆ ತೂಗುದೀಪವನ್ನು ನೋಡುವುದೇ ಇಲ್ಲ. ನೇರ ಎಂಜಿನ್ ಕೋಣೆಗಿಳಿದು, ಸಮುದ್ರದ ನೀರು ಒಳಗೆಳೆಯುವ ವಾಲ್ವ್ ತಿರುಗಿಸಿ ನೋಡುತ್ತಾಳೆ. ಬೆಂಕಿ ಆರಿಸುವ ಸಿಲಿಂಡರಿನ ಮೇಲಿನ ತಾರೀಖು, ಜೀವರಕ್ಷಕ ತೆಪ್ಪದ ತಪಾಸಣೆ ಚೀಟಿ, ಕೊನೆಗೆ ಸಿಬ್ಬಂದಿಯ ವಿಶ್ರಾಂತಿ ಪುಸ್ತಕ. ಅಂತರರಾಷ್ಟ್ರೀಯ ನಿಯಮದಂತೆ ದಿನಕ್ಕೆ ಕನಿಷ್ಠ 10 ಗಂಟೆ, ವಾರಕ್ಕೆ 77 ಗಂಟೆ ವಿಶ್ರಾಂತಿ ಸಿಗಬೇಕು. ಪುಟಗಳೆಲ್ಲ ಒಂದೇ ಪೆನ್ನಿನಲ್ಲಿ, ಒಂದೇ ಅಚ್ಚುಕಟ್ಟಿನಲ್ಲಿ ತುಂಬಿದ್ದರೆ ಯಾರಿಗಾದರೂ ಅನುಮಾನ ಬರಬೇಕು; ಆಕೆಗೆ ಬರುತ್ತದೆ.

ಇಷ್ಟು ಕಾಗದವೇಕೆ? 1987ರ ಮಾರ್ಚ್ 6ರ ರಾತ್ರಿ ‘ಹೆರಾಲ್ಡ್ ಆಫ್ ಫ್ರೀ ಎಂಟರ್‌ಪ್ರೈಸ್’ ಎಂಬ ಬ್ರಿಟಿಷ್ ಹಡಗು ಮುಂಬಾಗಿಲು ಮುಚ್ಚದೆಯೇ ಬೆಲ್ಜಿಯಂನ ಜೇಬ್ರುಗೆ ಬಂದರಿನಿಂದ ಹೊರಟು ಮಗುಚಿತು. 193 ಜನ ಸತ್ತರು. ಬಾಗಿಲು ಮುಚ್ಚಬೇಕಾದವ ನಿದ್ದೆಯಲ್ಲಿದ್ದ, ನಿಜ. ಆದರೆ ಬಾಗಿಲು ತೆರೆದಿದೆಯೋ ಇಲ್ಲವೋ ತಿಳಿಸುವ ದೀಪವೊಂದನ್ನು ಹಾಕಿಸಿಕೊಡಿ ಎಂದು ಕ್ಯಾಪ್ಟನ್‌ಗಳು ಮೊದಲೇ ಕೇಳಿದ್ದರು, ದಡದ ಕಚೇರಿ ಅದನ್ನು ತಳ್ಳಿಹಾಕಿತ್ತು. 1998ರಿಂದ ಕಡ್ಡಾಯವಾದ, ಹಡಗುಗಳ ಸುರಕ್ಷತಾ ನಿರ್ವಹಣೆಯ ಅಂತರರಾಷ್ಟ್ರೀಯ ನಿಯಮಾವಳಿಯಾದ ಐಎಸ್‌ಎಂ ಸಂಹಿತೆಯ ಹಿಂದೆ ಈ ನೆನಪಿದೆ. ಹಡಗಿನ ಪರವಾಗಿ ಕಂಪನಿಯ ತುತ್ತತುದಿಯವರೊಡನೆ ನೇರ ಮಾತಾಡಬಲ್ಲ ಒಬ್ಬರು ದಡದ ಮೇಲೆ ಇರಲೇಬೇಕು ಎಂದು ಅದು ಹೇಳುತ್ತದೆ. ಬಾಡಿಗೆಗೆ ಓಡುವ, 500 ಟನ್ನೇಜು ಮುಟ್ಟಿದ ಯಾಟ್‌ಗಳಿಗೂ ಅದು ಅನ್ವಯ. ನಮ್ಮ ಕಡತದ ಹೆಂಗಸಿನ ಕಂಪನಿ ಮಾರುವ ನಿಜವಾದ ಸರಕು ದಡದ ಮೇಲಿನ ಆ ಒಬ್ಬರೇ ಎಂಬುದು ನನ್ನ ಎಣಿಕೆ. ಹೊಳಪನ್ನು ಯಾರು ಬೇಕಾದರೂ ಮಾರಬಹುದು.

ಮಿಕ್ಕದ್ದು ಲೆಕ್ಕ. ಯಾಟ್ ಬೆಲೆಯ ಹತ್ತನೇ ಒಂದು ಭಾಗ ಪ್ರತಿವರ್ಷ ಅದರ ಪೋಷಣೆಗೇ ಬೇಕೆಂಬುದು ಈ ವಲಯದ ಒರಟು ಅಂದಾಜು: ಎರಡು ಕೋಟಿ ಯೂರೋ ಯಾಟ್‌ಗೆ ಇಪ್ಪತ್ತು ಲಕ್ಷ. ಸಂಬಳ, ಡೀಸೆಲ್, ವಿಮೆ, ನಿಲುಗಡೆ ಬಾಡಿಗೆ. ಹಿಂಬದಿಯಲ್ಲಿ ಹಾರುವ ಕೇಮನ್ ದ್ವೀಪದ ಬಾವುಟಕ್ಕೂ ನೋಂದಣಿ, ತಪಾಸಣೆ, ಶುಲ್ಕ. ಆ ದ್ವೀಪವನ್ನು ಯಾಟ್ ನೋಡಿರಬೇಕೆಂದೇನೂ ಇಲ್ಲ. ರಿಪೇರಿಯವರು ಕ್ಯಾಪ್ಟನ್ ಕೈಗೆ ಕಮಿಷನ್ ತುರುಕುವುದು ಹಳೇ ರೋಗ. ಬಿಲ್ಲುಗಳನ್ನು ಮತ್ತೊಬ್ಬರು ನೋಡುವುದರಿಂದ ಅದು ತಗ್ಗುತ್ತದೆ. ಮ್ಯಾನೇಜರ್ ಕಂಪನಿಯೇ ಕಮಿಷನ್ನಿಗೆ ಕೈಚಾಚಿದರೆ ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ. ಅದಕ್ಕೇ ತಿಳಿದ ಯಜಮಾನರು ನಿಗದಿತ ಶುಲ್ಕದ ಕರಾರನ್ನೇ ಕೇಳುತ್ತಾರೆ.

ಜುಲೈ ಬಂತೆನ್ನಿ. ಯಜಮಾನರು ಹತ್ತು ಅತಿಥಿಗಳೊಂದಿಗೆ ಬಂದಿಳಿದಿದ್ದಾರೆ, ನಾಳೆ ಕಾರ್ಸಿಕಾದಲ್ಲಿ ಊಟವಾಗಬೇಕು. ಹೊರಗೆ ಮಿಸ್ಟ್ರಾಲ್ ಎಂಬ ಬಿರುಗಾಳಿ ಎದ್ದಿದೆ. ಬೇಡ ಎನ್ನಲು ಕ್ಯಾಪ್ಟನ್‌ಗೆ ಅಧಿಕಾರವಿದೆ, ಆದರೆ ಅವನ ಸಂಬಳ ಕೊಡುವವರು ಎದುರಿಗೇ ಕೂತಿದ್ದಾರೆ. ಅವನು ದಡಕ್ಕೆ ಫೋನ್ ಮಾಡುತ್ತಾನೆ. ಹವಾಮಾನದ ನಕ್ಷೆ ಮುಂದಿಟ್ಟುಕೊಂಡು ಮ್ಯಾನೇಜರ್ ಯಜಮಾನರಿಗೇ ಹೇಳುತ್ತಾಳೆ: “ಕ್ಯಾಪ್ಟನ್ ಹೇಳಿದ್ದೇ ಸರಿ ಸರ್, ಎರಡು ದಿನ ತಡೀರಿ.” ಯಜಮಾನರು ಗೊಣಗುತ್ತಾರೆ. ಅತಿಥಿಗಳು ಎರಡು ದಿನ ಆಂಟೀಬ್‌ನ ಹೋಟೆಲುಗಳಲ್ಲೇ ಉಣ್ಣುತ್ತಾರೆ. ಆ ಬಿಲ್ಲೂ ತಿಂಗಳ ಕೊನೆಗೆ ಆಕೆಯ ಮೇಜಿಗೇ ಬರುತ್ತದೆ.